ನದಂಜು ಬರೆದ ಕಪ್ಪು ಹೆಸರು

ನದಂಜು ತೀರಿಕೊಂಡು ಇವತ್ತಿಗೆ ಹತ್ತೊಂಬತ್ತು ದಿನ. ಹುಲಿ ವರ್ಷದ ಎರಡನೆಯ ತಿಂಗಳ ಮೂರನೆಯ ದಿನ, ಬೆಳಗಿನ ಗಂಜಿ ಇನ್ನೂ ಒಲೆಯ ಮೇಲಿರುವಾಗ, ದಕ್ಷಿಣದ ಬಿಸಿಜಗಲಿಯಲ್ಲಿ ಮಲಗಿದ್ದಲ್ಲೇ ಹೋದ. ಎಂಬತ್ತೊಂದು ವರ್ಷವಾಗಿತ್ತು. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು. ಸಾಂಕ್ರಾಮಿಕದ ಕಟ್ಟುಪಾಡು ಇದ್ದದ್ದರಿಂದ ಎಂಟು ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ. ಎಂಟು ಜನ ಸೇರಿ ಅವನನ್ನು ಕಿಟಕಿಯಿಂದ ಹೊರಗೆ ಇಳಿಸಿಕೊಂಡೆವು. ನಮ್ಮಲ್ಲಿ ಬಾಗಿಲು ಬದುಕಿರುವವರಿಗೆ. ಸತ್ತವರಿಗೆ ಕಿಟಕಿ.

ನದಂಜು ಎಂದರೆ ಎಪ್ಪತ್ತು. ಅವನು ಹುಟ್ಟಿದಾಗ ಅವನ ಅಜ್ಜನಿಗೆ ಎಪ್ಪತ್ತು ತುಂಬಿತ್ತು. ಅಜ್ಜನ ವಯಸ್ಸನ್ನೇ ಮೊಮ್ಮಗನಿಗೆ ಹೆಸರಾಗಿ ಇಡುವುದು ನಮ್ಮವರ ಹಳೆಯ ರೂಢಿ. ಸರ್ಕಾರದ ಕಾಗದದಲ್ಲಿ ಅವನು ಫು ದೆಕ್ವಾನ್. ಆ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ.

ಅವನ ಕಸುಬು ಬಿಸಿಜಗಲಿ, ಎಂದರೆ ಮನೆಯೊಳಗೆ ಮಲಗುವ ಮಣ್ಣಿನ ಕಟ್ಟೆ, ಕಟ್ಟುವುದು. ನೊನ್ ಹೊಳೆಯ ದಂಡೆಯ ಈ ದುಯಿನ್ ಬೋ ಊರಿನಲ್ಲಿ ಅವನ ಕೈಯ ಜಗಲಿಯ ಮೇಲೆ ಮಲಗದ ಮನೆ ಒಂದೂ ಇಲ್ಲ. ಒಲೆಯ ಬೆಂಕಿ ಜಗಲಿಯ ಹೊಟ್ಟೆಯೊಳಗಿನ ಹಾದಿಗಳಲ್ಲಿ ಹರಿದು, ಮಣ್ಣನ್ನೆಲ್ಲ ಬಿಸಿಮಾಡಿ, ಕೊನೆಗೆ ಮನೆಯಿಂದ ಮೂರು ಹೆಜ್ಜೆ ದೂರ ನಿಂತ ಹೊಗೆಗೂಡಿನಿಂದ ಹೊರಗೆ ಹೋಗಬೇಕು. ಒಂದು ಇಟ್ಟಿಗೆ ತಪ್ಪಿದರೆ ಹೊಗೆ ಹಿಂದಕ್ಕೆ ಬಂದು ಮಲಗಿದವರನ್ನು ಕೊಲ್ಲುತ್ತದೆ. ಅರವತ್ತು ವರ್ಷ ಅವನ ಇಟ್ಟಿಗೆ ತಪ್ಪಲಿಲ್ಲ.

ತಪ್ಪಿದ್ದು ಕುಂಚ. ಅದನ್ನೇ ಬರೆಯಬೇಕೆಂದು ಕುಳಿತಿದ್ದೇನೆ.

ನಾನು ಮೆಂಗ್ ಮನೆಯ ಮಗಳು. ಇದೇ ಊರಿನಲ್ಲಿ ಹುಟ್ಟಿ, ಇಲ್ಲೇ ನದಂಜುವಿನ ಫು ಮನೆತನಕ್ಕೆ ಮದುವೆಯಾಗಿ, ಇಲ್ಲಿನ ಶಾಲೆಯಲ್ಲೇ ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು. ಊರವರಿಗೆ ಮೇಷ್ಟ್ರಮ್ಮ. ನದಂಜುವಿಗೆ ಮಾತ್ರ ಕೊನೆಯವರೆಗೂ ಇಲ್ಹಾ, ಚಿಕ್ಕಂದಿನ ಹೆಸರು.

ನಮ್ಮ ಭಾಷೆ ಆಡುವವರು ಊರಿನಲ್ಲಿ ಇನ್ನು ಒಂಬತ್ತು ಜನ ಇರಬಹುದು, ಎಲ್ಲರೂ ಮುದುಕರು. ನಾನೂ ಆಡುತ್ತೇನೆ. ಆದರೆ ನಮ್ಮ ಅಕ್ಷರ, ಮೇಲಿಂದ ಕೆಳಕ್ಕೆ ಹಗ್ಗ ಇಳಿಬಿಟ್ಟ ಹಾಗೆ ಇಳಿಯುವ ಆ ಅಕ್ಷರ, ಬರುತ್ತಿದ್ದದ್ದು ನದಂಜು ಒಬ್ಬನಿಗೆ. ಅವನ ಅಜ್ಜ ಎಂಬತ್ತಮೂರರವರೆಗೆ ಬದುಕಿ, ಒಲೆಯ ಬೂದಿಯನ್ನು ಹಲಗೆಯ ಮೇಲೆ ಹರಡಿ ಕಡ್ಡಿಯಿಂದ ತಿದ್ದಿಸಿದ್ದ. ಆಮೇಲೆ ಕೆಟ್ಟ ವರ್ಷಗಳು ಬಂದವು. ನಾವು ಮಂಚು ಜನ, ನಮ್ಮ ಮಾತಿನಲ್ಲಿ ಮಾಂಜು, ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅರ್ಧ ಊರು ಜನಗಣತಿಯಲ್ಲಿ ದೇಶದ ಬಹುಪಾಲು ಜನರಂತೆ ಹಾನ್ ಎಂದು ಬರೆಸಿತು. ಆಗ ಫು ಮನೆತನದ ವಂಶಪಟ ಏಳು ವರ್ಷ ಹಂದಿಗೂಡಿನ ಕಲ್ಲುಬಾನಿಯ ಕೆಳಗೆ ಮಲಗಿತ್ತು. ಎತ್ತಿದಾಗ ಒಂದು ಮೂಲೆ ಕೊಳೆತಿತ್ತು, ಹೆಸರುಗಳು ಉಳಿದಿದ್ದವು.

ಆ ಪಟ ಬಾಗಿಲಿನಷ್ಟು ದೊಡ್ಡದು, ಬಟ್ಟೆಗೆ ಅಂಟಿಸಿದ ಕಾಗದ. ಮೇಲೆ ಮೂಲಪುರುಷ, ಕೆಳಗೆ ಬೇರುಗಳ ಹಾಗೆ ಹನ್ನೊಂದು ತಲೆಮಾರು. ಬದುಕಿರುವವರ ಹೆಸರು ಕೆಂಪು ಮಸಿಯಲ್ಲಿ, ಸತ್ತವರದು ಕಪ್ಪಿನಲ್ಲಿ. ಒಬ್ಬ ಸತ್ತರೆ ಅವನ ಕೆಂಪು ಹೆಸರಿನ ಮೇಲೆಯೇ ಕಪ್ಪು ತಿದ್ದುತ್ತಾರೆ. ಹೆಂಗಸರಿಗೆ ಹೆಸರಿಲ್ಲ, ಇಂಥ ಮನೆಯಿಂದ ಬಂದವಳು ಎಂದಷ್ಟೇ. ಪಟವನ್ನು ಬೇಕೆಂದಾಗ ಬಿಚ್ಚುವಂತಿಲ್ಲ. ಹನ್ನೆರಡು ವರ್ಷದ ಸುತ್ತಿನಲ್ಲಿ ಹುಲಿ ವರ್ಷ ಒಮ್ಮೆ, ಅದಾದ ಎರಡಕ್ಕೆ ಡ್ರ್ಯಾಗನ್ ವರ್ಷ ಒಮ್ಮೆ. ಆಮೇಲೆ ಹತ್ತು ವರ್ಷ ಅದು ಕುಲದ ಯಜಮಾನರ ಮನೆಯಲ್ಲಿ, ಪಶ್ಚಿಮದ ಗೋಡೆಯ ಮೇಲಿನ ಪೆಟ್ಟಿಗೆಯೊಳಗೆ ಇರುತ್ತದೆ.

ಹತ್ತು ವರ್ಷದ ಹಿಂದೆ, ಕಳೆದ ಡ್ರ್ಯಾಗನ್ ವರ್ಷ, ಹೊಸ ವರ್ಷದ ಎರಡನೆಯ ದಿನ, ಯಜಮಾನರ ಮನೆಯಲ್ಲಿ ಪಟ ಬಿಚ್ಚಿದರು. ಹಂದಿಯ ತಲೆ ಬೇಯಿಸಿ ಇಟ್ಟಿದ್ದರು, ಧೂಪ ಹಾಕಿದ್ದರು. ಗಂಡಸರು ವಯಸ್ಸಿನ ಪ್ರಕಾರ ಸಾಲಾಗಿ ಮಂಡಿಯೂರಿದ್ದರು. ನಾವು ಹೆಂಗಸರು ಬಾಗಿಲಲ್ಲಿ ನಿಂತಿದ್ದೆವು. ಯಜಮಾನರು ನೋಟುಬುಕ್ಕು ಹಿಡಿದು ಓದುತ್ತಿದ್ದರು: ಹುಟ್ಟಿದವರು ಹನ್ನೊಂದು, ಸತ್ತವರು ಏಳು. ನದಂಜು ಪಟದ ಮುಂದೆ ನಿಂತು ಬರೆಯುತ್ತಿದ್ದ. ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ, ನನಗೂ. ಹೇಳಿದರೆ ಕುಂಚ ಕೈಬಿಟ್ಟು ಹೋಗುತ್ತದೆ, ಬೇರೆ ಬರೆಯುವವರೂ ಇಲ್ಲ ಎಂದು ಮುಚ್ಚಿಟ್ಟಿದ್ದ.

"ಲಿನ್‌ಹೈ," ಎಂದು ಓದಿದರು ಯಜಮಾನರು. ಲಿನ್‌ಹೈ ನದಂಜುವಿನ ಚಿಕ್ಕಪ್ಪನ ಹಿರಿಯ ಮಗ, ಹಿಂದಿನ ಬೇಸಿಗೆ ಸತ್ತಿದ್ದ. ಅವನ ಪಕ್ಕದ ಗೆರೆಯಲ್ಲಿ ತಮ್ಮ ಲಿನ್‌ಶಾನ್. ನದಂಜು ಕಪ್ಪು ಕುಂಚ ಎತ್ತಿ, ಮುಖವನ್ನು ಪಟಕ್ಕೆ ತಾಗಿಸುವಷ್ಟು ಹತ್ತಿರ ಒಯ್ದು, ನಿಧಾನವಾಗಿ ತಿದ್ದಿದ. ತಿದ್ದಿದ್ದು ಲಿನ್‌ಶಾನನನ್ನು.

ಅದು ಅವನಿಗೆ ಗೊತ್ತಾದದ್ದು ಪಟ ಸುತ್ತುವಾಗ. ಸುರುಳಿ ಮೇಲೇರುತ್ತ ಆ ಗೆರೆ ಅವನ ಮೂಗಿನ ಮುಂದೆ ಬಂತು. ಸತ್ತ ಲಿನ್‌ಹೈ ಕೆಂಪಗಿದ್ದ. ಮೂರನೆಯ ಸಾಲಿನಲ್ಲಿ ಮಂಡಿಯೂರಿ ಕುಳಿತು ಇವನನ್ನೇ ದುರುಗುಟ್ಟಿ ನೋಡುತ್ತಿದ್ದ ಲಿನ್‌ಶಾನ್ ಕಪ್ಪಗಿದ್ದ. ಆಗಲೇ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಯಜಮಾನರು ದಾರ ಕಟ್ಟಿದರು.

ಯಾಕೆ ಬಿಡಲಿಲ್ಲ ಎಂದರೆ, ಒಂದು ನಾಯಿಯ ಸಲುವಾಗಿ. ಅದಕ್ಕೆ ಮೂರು ವರ್ಷ ಹಿಂದೆ ಲಿನ್‌ಶಾನ್ ತನ್ನ ಮುದಿ ನಾಯಿಯನ್ನು ಸಂತೆಯಲ್ಲಿ ಮಾಂಸದವನಿಗೆ ಕೊಟ್ಟುಬಂದಿದ್ದ. ನಮ್ಮಲ್ಲಿ ನಾಯಿಯನ್ನು ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ನಾಯಿಚರ್ಮದ ಟೋಪಿ ಹಾಕಿಕೊಂಡವನನ್ನು ಮನೆಯೊಳಗೆ ಕರೆಯುವುದಿಲ್ಲ. ನದಂಜು ಊರ ಬಾವಿಯ ಹತ್ತಿರ ಅವನನ್ನು ತಡೆದು ನಿಲ್ಲಿಸಿದ್ದ.

"ಹದಿಮೂರು ವರ್ಷ ನಿನ್ನ ಬಾಗಿಲು ಕಾದಿದ್ದು ಕಣೋ ಅದು. ನಿಮ್ಮವ್ವ ಬದುಕಿದ್ದಿದ್ರೆ ಅವಳನ್ನೂ ತಕ್ಕಡಿಗೆ ಹಾಕ್ತಿದ್ದೆ ನೀನು!"

ಅವನ ತಾಯಿ ಹೋಗಿ ಇನ್ನೂ ನೂರು ದಿನ ಆಗಿರಲಿಲ್ಲ. "ನಮ್ಮವ್ವನ ಹೆಸರು ಎತ್ತಬೇಡ," ಎಂದ ಲಿನ್‌ಶಾನ್.

"ಎತ್ತಲ್ಲ. ನಿನ್ನ ಹೆಸರೂ ಎತ್ತಲ್ಲ. ನಮ್ಮ ಪಟದಲ್ಲಿರೋಕೆ ನಿನ್ನ ಹೆಸರಿಗೆ ಯೋಗ್ಯತೆ ಇಲ್ಲ."

ಇಪ್ಪತ್ತು ಜನ ಕೇಳಿಸಿಕೊಂಡಿದ್ದರು. ಇನ್ನು ಕೈತಪ್ಪಿ ಹೀಗಾಯಿತು ಎಂದರೆ ಯಾರು ನಂಬುತ್ತಾರೆ?

ಅವನು ನನಗೆ ಹೇಳಿದ್ದು ಏಳು ದಿನದ ಮೇಲೆ. ನಾನು ಜಾಡಿಯಿಂದ ಹುಳಿ ಕೋಸು ತೆಗೆದು ಹೆಚ್ಚುತ್ತಿದ್ದೆ. ಬಂದವನು ಟೋಪಿ ತೆಗೆಯಲಿಲ್ಲ.

"ಇಲ್ಹಾ, ನಾನು ಒಬ್ಬನ್ನ ಸಾಯಿಸಿಬಿಟ್ಟೆ."

ಚಾಕು ಕೆಳಗಿಟ್ಟೆ. ಪೂರ್ತಿ ಕೇಳಿದ ಮೇಲೆ ನಗು ಬಂತು, ನಕ್ಕುಬಿಟ್ಟೆ. "ಅಯ್ಯೋ ಮಂಕೆ, ಮಸಿ ಕಣೋ ಅದು. ಹೋಗಿ ಯಜಮಾನರಿಗೆ ಹೇಳು."

"ಹೇಳಿದ್ರೆ ಏನು ಮಾಡ್ತಾರೆ? ಹುಲಿ ವರ್ಷದವರೆಗೂ ದಾರ ಬಿಚ್ಚೋ ಹಾಗಿಲ್ಲ. ಹತ್ತು ವರ್ಷ ಅವನು ಊರಲ್ಲೆಲ್ಲ ಹೆಣದ ಹಾಗೆ ತಿರುಗ್ಬೇಕು, ಎಲ್ಲರಿಗೂ ಗೊತ್ತಿದ್ದು. ಈಗ ಅವನಿಗೂ ಗೊತ್ತಿಲ್ಲ."

"ಯಾರಿಗೂ ಗೊತ್ತಿಲ್ಲ ಅಂದ್ಮೇಲೆ ಆಯ್ತಲ್ಲ?"

"ಪಟಕ್ಕೆ ಗೊತ್ತಿದೆ," ಎಂದ.

ನಾನು ಪುಸ್ತಕ ಓದಿದವಳು, ಅವನ ಮಾತು ಅಲ್ಲಗಳೆಯಲು ನನ್ನ ಹತ್ತಿರ ಸಾಕಷ್ಟು ಇತ್ತು. ಅವನ ಹತ್ತಿರ ಒಂದೇ ಇತ್ತು, ಅದೂ ನಾನೇ ಎಂದೋ ಓದಿ ಹೇಳಿದ್ದು. ಪ್ರತಿ ಬೇಸಿಗೆ ದೂರದ ವಿಶ್ವವಿದ್ಯಾಲಯಗಳಿಂದ ಹುಡುಗ ಹುಡುಗಿಯರು ರೆಕಾರ್ಡರು ಹಿಡಿದು ಅವನ ಮನೆಗೆ ಬರುತ್ತಿದ್ದರು. ಎಲ್ಲರೂ ಕೇಳುವುದು ಒಂದೇ: ತಾತ, ಮಾಂಜು ಅಂದರೇನು, ನಿಮಗೆ ಆ ಹೆಸರು ಎಲ್ಲಿಂದ ಬಂತು? ಅವನು ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಿದ್ದ. ಒಬ್ಬಳಿಗೆ ಮಂಜುಶ್ರೀ ಬೋಧಿಸತ್ವನಿಂದ ಬಂತು ಎಂದ. ಇನ್ನೊಬ್ಬನಿಗೆ ಹಳೆಯ ಕಾಲದ ಒಬ್ಬ ನಾಯಕನ ಹೆಸರು ಎಂದ. ಮೂರನೆಯವನಿಗೆ ಗಟ್ಟಿ ಬಾಣ ಎಂದು ಅರ್ಥ ಹೇಳಿ ಕಳಿಸಿದ. ಅವರು ಹೋದ ಮೇಲೆ ನಾನು ಬೈದೆ. "ಹಾಗೆ ಸುಳ್ಳು ಹೇಳಬಾರದು." "ಸುಳ್ಳಲ್ಲ, ಮೂರೂ ನೀನೇ ಪುಸ್ತಕದಲ್ಲಿ ಓದಿ ಹೇಳಿದ್ದು," ಎಂದ. ಅದು ನಿಜ. ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಗೊತ್ತಿರುವುದು ಇಷ್ಟು: ನಾನೂರು ವರ್ಷದ ಹಿಂದೆ ಒಂದು ದಿನದವರೆಗೆ ನಮ್ಮನ್ನು ಜುರ್ಚೆನ್ ಎನ್ನುತ್ತಿದ್ದರು. ಆ ದಿನ ನಮ್ಮ ರಾಜ ಆಜ್ಞೆ ಬರೆಸಿದ, ಆ ಹೆಸರು ಇನ್ನು ಬೇಡ, ಇವರು ಮಾಂಜು ಎಂದು. ಯಾಕೆ ಎಂದು ಬರೆಸಲಿಲ್ಲ.

ಹುಳಿ ಕೋಸಿನ ಮುಂದೆ ಕೂತು ನದಂಜು ಅದನ್ನೇ ನನಗೆ ತಿರುಗಿಸಿ ಹೇಳಿದ. "ಒಬ್ಬ ಬರೆಸಿದ, ಮಾರನೆ ದಿನಕ್ಕೆ ಅಷ್ಟೂ ಜನ ಬೇರೆಯವರಾದ್ರು. ಮಲಗಿದಾಗ ಒಂದು, ಎದ್ದಾಗ ಒಂದು. ಬರೆದಿದ್ದು ಆಗೋಗುತ್ತೆ ಇಲ್ಹಾ. ನೀನೇ ಓದಿ ಹೇಳಿದ್ದು."

ಇರಲಿ, ಹತ್ತು ವರ್ಷ ತಾನೇ, ತಾನಾಗಿ ಮರೆಯುತ್ತಾನೆ ಎಂದುಕೊಂಡೆ.

ಮರುವರ್ಷ ಹೊಳೆಯ ಮಂಜುಗಡ್ಡೆ ಸಡಿಲವಾಗುವ ಹೊತ್ತಿಗೆ ಲಿನ್‌ಶಾನ್ ಮೀನಿಗೆ ಹೋದವನು ಗಡ್ಡೆ ಒಡೆದು ಕಂಕುಳವರೆಗೆ ಮುಳುಗಿದ. ಜೊತೆಯವರು ಹಗ್ಗ ಎಸೆದು ಎಳೆದುಕೊಂಡರು. ಸುದ್ದಿ ಕೇಳಿ ನದಂಜು ನಮ್ಮ ಅಂಗಳಕ್ಕೆ ಬಂದು ಕೂತ. ಬೆರಳು ಮಡಿಸಿ ಎಣಿಸುತ್ತಿದ್ದ: ಹುಲಿ ವರ್ಷಕ್ಕೆ ಇನ್ನು ಒಂಬತ್ತು.

ಅಂದಿನಿಂದ ಅವನು ಲಿನ್‌ಶಾನನ ಹಿಂದೆ ಬಿದ್ದ. ಲಿನ್‌ಶಾನ್ ಹೊಳೆಗೆ ಹೋದರೆ ಇವನು ದಂಡೆಯ ಪೊದೆಯ ಹತ್ತಿರ. ಲಿನ್‌ಶಾನ್ ಜೋಳದ ಹೊಲಕ್ಕೆ ಟ್ರ್ಯಾಕ್ಟರು ಒಯ್ದರೆ ಇವನು ಬದುವಿನ ಮೇಲೆ. ಎಪ್ಪತ್ತು ದಾಟಿದವನು, ಮೊಣಕಾಲು ಊದಿಸಿಕೊಂಡು ಹಗಲೆಲ್ಲ ನಡೆಯುತ್ತಿದ್ದ. ಊರು ಬೇರೆಯೇ ಅರ್ಥ ಮಾಡಿಕೊಂಡಿತು: ನಾಯಿಯ ಜಗಳ ಮುದುಕನ ತಲೆಗೇರಿದೆ. ಒಮ್ಮೆ ಅಂಗಡಿಯ ಮುಂದೆ ಎಲ್ಲರೆದುರಿಗೆ ಲಿನ್‌ಶಾನ್ ಗಕ್ಕನೆ ತಿರುಗಿ ನಿಂತ. ಮಾತು ಬಿಟ್ಟು ನಾಲ್ಕು ವರ್ಷದ ಮೇಲೆ ಅವನು ಆಡಿದ ಮೊದಲ ಮಾತು ಅದು.

"ಏನು ದೊಡ್ಡಪ್ಪನ ಮಗನೇ, ನನ್ನ ಹೆಣ ಹೊರೋಕೆ ಬಂದಿದ್ದೀಯಾ? ಇನ್ನೂ ಟೈಮಿದೆ, ಹೋಗಿ ಊಟ ಮಾಡ್ಕೊಂಡು ಬಾ."

ಜನ ನಕ್ಕರು.

"ಹೆಗಲು ನೋಯ್ತಿದೆ ನಂದು," ಎಂದ ನದಂಜು. "ಹೊರೋಕಾಗಲ್ಲ. ನೀನು ಹುಷಾರಾಗಿರು."

"ಹೆದರಿಸ್ತೀಯಾ?"

"ಇಲ್ಲಪ್ಪ. ಹುಷಾರಾಗಿರು ಅಂದೆ ಅಷ್ಟೆ."

ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಲಿನ್‌ಶಾನ್ ಅಂದಿನಿಂದ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಳ್ಳತೊಡಗಿದ.

ಇನ್ನೊಂದು ಕಡೆಯಿಂದಲೂ ಸುದ್ದಿ ಬರುತ್ತಿತ್ತು. ಸತ್ತ ಲಿನ್‌ಹೈಯ ಹೆಂಡತಿ ನನ್ನ ಓರಗೆಯವಳು, ಸುಳ್ಳು ಹೇಳುವವಳಲ್ಲ. ಬರಗಿನ ಅಂಟು ಕಡುಬು ಕಟ್ಟಲು ಬಂದವಳು ಹಿಟ್ಟು ನಾದುತ್ತ ನಾದುತ್ತ ಹೇಳಿದಳು. "ನಮ್ಮನೆಯವರು ಬರ್ತಾರೆ ಮೇಷ್ಟ್ರಮ್ಮ."

"ಕನಸಲ್ಲಾ?"

"ಕನಸೋ ಏನೋ. ಹೊಸಿಲ ಹೊರಗೆ ನಿಂತಿರ್ತಾರೆ. ಸಿಟ್ಟಿಲ್ಲ, ಏನಿಲ್ಲ. ಯಾರೋ ಸ್ವಲ್ಪ ಕಾಯಿರಿ ಅಂದಿರೋ ಹಾಗೆ, ಟೋಪಿ ಕೈಲಿ ಹಿಡ್ಕೊಂಡು. ಬನ್ನಿ ಅಂದ್ರೆ ಒಳಗೆ ಬರಲ್ಲ, ಹೋಗಿ ಅಂದ್ರೆ ಹೋಗಲ್ಲ."

ಅವಳಿಗೆ ಪಟದ ವಿಷಯ ಗೊತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಕಡುಬು ಹಾಗೇ ಉಳಿಯಿತು. ಅದನ್ನು ನದಂಜುವಿಗೆ ಹೇಳಬಾರದಿತ್ತು. ನಾಲ್ಕು ದಿನ ತಡೆದು, ಹೇಳಿಬಿಟ್ಟೆ. ಅವನು ತಲೆಯಾಡಿಸಿದ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

ಡ್ರ್ಯಾಗನ್ ವರ್ಷ ಕಳೆದು ನಾಲ್ಕಕ್ಕೆ ಬಂದ ಕೋತಿ ವರ್ಷದ ಚಳಿಗಾಲ. ಒಂದು ಬೆಳಿಗ್ಗೆ ನದಂಜು ಎಂದಿನಂತೆ ಲಿನ್‌ಶಾನನ ಮನೆ ನೋಡುತ್ತ ಬೇಲಿಯ ಹತ್ತಿರ ನಿಂತಿದ್ದ. ಪೊರೆಯ ಕಣ್ಣಿಗೂ ಹೊಗೆ, ಆವಿ ಇಷ್ಟು ತಿಳಿಯುತ್ತಿತ್ತು. ಅಡುಗೆ ಕೋಣೆಯ ಕಿಟಕಿ ಬೆವರಿತ್ತು, ಎಂದರೆ ಒಳಗೆ ಒಲೆ ಉರಿಯುತ್ತಿದೆ. ಅಂಗಳದ ಹೊಗೆಗೂಡಿನಿಂದ ಹೊಗೆ ಬರುತ್ತಿರಲಿಲ್ಲ. ಅಷ್ಟು ಸಾಕಾಗಿತ್ತು ಅವನಿಗೆ. ಬಾಗಿಲಿಗೆ ಅಗಳಿ. ಕಟ್ಟಿಗೆ ಸೀಳುವ ಕೊಡಲಿಯಿಂದ ಕಿಟಕಿ ಒಡೆದು ಒಳಗೆ ಬಿದ್ದ. ಲಿನ್‌ಶಾನ್ ಜಗಲಿಯ ಮೇಲೆ ಕೆಂಪು ಮುಖ ಮಾಡಿಕೊಂಡು ಬಾಯಿ ತೆರೆದು ಮಲಗಿದ್ದ. ನಾನೂ ನೆರೆಯವರೂ ಓಡಿ ಬರುವ ಹೊತ್ತಿಗೆ ನದಂಜು ಅವನ ಕಂಕುಳಿಗೆ ಕೈಹಾಕಿ ಕಿಟಕಿಯ ಕಡೆಗೆ ಎಳೆದು ತಂದಿದ್ದ. ಅಲ್ಲಿ ನಿಂತುಬಿಟ್ಟ. ಕಿಟಕಿಯಿಂದ ಹೊರಗೆ ಹಾಕುವುದು ಸುಲಭವಾಗಿತ್ತು. ಹೊರಗೆ ನಾವು ಕೈ ಚಾಚಿ ನಿಂತಿದ್ದೆವು.

"ಕೊಡೋ, ಇಲ್ಲಿಂದ ಕೊಡೋ!" ಎಂದು ಕೂಗಿದೆ.

"ಇಲ್ಲಿಂದ ಬೇಡ!" ಎಂದು ಕಿರುಚಿದ. ಆ ವಿಷದ ಗಾಳಿಯಲ್ಲೇ ಅವನನ್ನು ಕೋಣೆಯುದ್ದಕ್ಕೂ ಎಳೆದುಕೊಂಡು ಹೋಗಿ, ಅಗಳಿ ತೆಗೆದು, ಬಾಗಿಲಿನಿಂದ ಹೊರಗೆ ತಂದ. ಇಬ್ಬರೂ ಹಿಮದ ಮೇಲೆ ಬಿದ್ದುಕೊಂಡು ವಾಂತಿ ಮಾಡಿದರು.

ಹೊಗೆಯ ಹಾದಿಯಲ್ಲಿ ಒಂದು ಸತ್ತ ಕಾಗೆ ಸಿಕ್ಕಿಕೊಂಡಿತ್ತು. ಹೊಗೆಗೂಡಿನೊಳಗೆ ಕಾಗೆ ಬೀಳುವುದನ್ನು ಅರವತ್ತು ವರ್ಷದಲ್ಲಿ ತಾನು ನೋಡಿಲ್ಲ ಎಂದ ನದಂಜು. ಕಾಗೆ ನಮ್ಮವರನ್ನು ಕಾಯುವ ಹಕ್ಕಿ, ಅಂಗಳದ ಕಂಬದ ಮೇಲೆ ಅದಕ್ಕೆ ಅನ್ನ ಇಡುತ್ತೇವೆ. ಅವನು ಅದನ್ನು ಹೊರತೆಗೆದು ಬಟ್ಟೆಯಲ್ಲಿ ಸುತ್ತಿದ.

"ನನ್ನ ಹೊಗೆಗೂಡು ನೋಡೋಕೆ ನಿನಗೆ ಯಾರು ಹೇಳಿದ್ರು?" ಎಂದು ಕೇಳಿದ ಲಿನ್‌ಶಾನ್, ಮಾತು ಬಂದ ಕೂಡಲೇ.

"ಕಟ್ಟಿದ್ದು ನಾನು," ಎಂದ ನದಂಜು. ದಾರಿಯಲ್ಲಿ ನನ್ನ ಹತ್ತಿರ ಹೇಳಿದ. "ಪಟ ಅವನನ್ನ ಕೇಳ್ತಿದೆ ಇಲ್ಹಾ. ಎರಡು ಸಲ ಕೇಳ್ತು."

ಲಿನ್‌ಶಾನನ ಎದೆ ಆಮೇಲೆ ಸರಿಹೋಗಲಿಲ್ಲ. ಕೆಮ್ಮು ಹಿಡಿಯಿತು. ಬೇಸಿಗೆಯಲ್ಲಿ ಕಡಿಮೆ, ಚಳಿಯಲ್ಲಿ ಬೀದಿಯ ಈ ತುದಿಗೆ ಕೇಳಿಸುವಷ್ಟು. ನದಂಜು ನಗರದ ಆಸ್ಪತ್ರೆಗೆ ಹೋಗಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದ. ಇನ್ನೊಂದಕ್ಕೆ ಕಾಲ ಮೀರಿದೆ ಎಂದರಂತೆ. "ಒಂದು ಸಾಕು, ಹುಲಿ ವರ್ಷಕ್ಕೆ," ಎಂದ. ಅಷ್ಟರಲ್ಲಿ ಇನ್ನೊಂದು ತೊಡಕು ಅವನಿಗೆ ಹೊಳೆದಿತ್ತು. ಕೆಂಪಿನ ಮೇಲೆ ಕಪ್ಪು ಕೂರುತ್ತದೆ. ಕಪ್ಪಿನ ಮೇಲೆ ಕೆಂಪು ಕಾಣುವುದಿಲ್ಲ. ಸತ್ತವನನ್ನು ಬದುಕಿಸುವ ಮಸಿ ಇಲ್ಲ. ಇರುವ ದಾರಿ ಒಂದೇ, ಇಡೀ ಪಟವನ್ನು ಹೊಸದಾಗಿ ಬರೆದು, ಕುಲದವರೆಲ್ಲ ಮಂಡಿಯೂರಿರುವಾಗ ಹಳೆಯದನ್ನು ಸುಡುವುದು. ಅದಕ್ಕೆ ಎಲ್ಲರೆದುರಿಗೆ ತಪ್ಪೊಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುತ್ತೇನೆ ಎಂದು ಸಿದ್ಧನಾಗಿದ್ದ. ಆಡಬೇಕಾದ ಮಾತನ್ನು ನನ್ನೆದುರಿಗೆ ಎರಡು ಸಲ ಆಡಿಯೂ ನೋಡಿದ್ದ.

ಈ ಹುಲಿ ವರ್ಷ ಬಂತು, ಬಿಗಿಯಾದ ಕಟ್ಟುಪಾಡಿನ ಜೊತೆ. ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತಿಲ್ಲ. ಯಜಮಾನರು ಮಾಸ್ಕು ಹಾಕಿಕೊಂಡು ಗೇಟಿನ ಒಳಗಿನಿಂದಲೇ ಮಾತಾಡಿದರು. ನದಂಜು ಹೊರಗೆ, ಅವನ ಹಿಂದೆ ನಾನು.

"ಈ ಸಲ ಇಲ್ಲ ನದಂಜಣ್ಣ. ಡ್ರ್ಯಾಗನ್ ವರ್ಷಕ್ಕೆ ಬಿಚ್ಚೋಣ. ಎರಡು ವರ್ಷ ತಾನೆ?"

"ನನಗೆ ಎಂಬತ್ತೊಂದು."

"ನೀವು ನೂರು ವರ್ಷ ಇರ್ತೀರಿ ಬಿಡಿ, ಗಟ್ಟಿ ಪಿಂಡ."

"ನಾನು ಹೋದ್ರೆ ಬರೆಯೋರು ಯಾರು?"

ಯಜಮಾನರು ಮಾಸ್ಕು ಸರಿಮಾಡಿಕೊಂಡರು. "ಆಗ ನೋಡೋಣ. ಕಂಪ್ಯೂಟರಲ್ಲಿ ಏನಾದ್ರೂ ಇರುತ್ತೆ."

ನದಂಜು ಬಾಯಿ ತೆರೆದ. ಹೇಳುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಬೀದಿಯ ಆ ಕಡೆಯಿಂದ ಲಿನ್‌ಶಾನನ ಕೆಮ್ಮು ಕೇಳಿಸಿತು, ಉದ್ದಕ್ಕೆ, ನಿಲ್ಲದೆ. ಯಜಮಾನರು, "ಇವನು ಈ ಚಳಿ ದಾಟಲ್ಲ ಅನ್ಸುತ್ತೆ," ಎನ್ನುತ್ತ ಒಳಗೆ ಹೋದರು.

ನದಂಜು ಹೋದರೆ ಲಿನ್‌ಶಾನ್ ಎಂದೆಂದಿಗೂ ಕಪ್ಪು. ಓದಬಲ್ಲವರು ಇಲ್ಲ, ತಿದ್ದಬಲ್ಲವರು ಇಲ್ಲ, ತಪ್ಪು ಯಾವ ಗೆರೆಯಲ್ಲಿದೆ ಎಂದು ತೋರಿಸಬಲ್ಲವರೂ ಇಲ್ಲ. ಅದು ನನಗೆ ಆ ಗೇಟಿನ ಮುಂದೆ ಮೊದಲ ಸಲ ನಿಜವಾಗಿ ಅರ್ಥವಾಯಿತು.

ಹಳೆಯ ಪಟ ಬಿಚ್ಚದೆಯೇ ಹೊಸದು ಬರೆಯುತ್ತೇನೆ ಎಂದ. ಮುನ್ನೂರ ನಲವತ್ತು ಹೆಸರು ಅವನಿಗೆ ಬಾಯಿಗೆ ಬರುತ್ತಿದ್ದವು. ಹಳೆಯ ಹೆಸರುಗಳನ್ನು ಅಜ್ಜ ಬೂದಿಯ ಮೇಲೆ ತಿದ್ದಿಸಿದ್ದ, ಆಮೇಲಿನವನ್ನು ಪಟದಲ್ಲಿ ಬರೆದವನೇ ಅವನು. ಅವನ ಮನೆಯಲ್ಲಿ ಸೊಸೆ ಇದೇನೆಂದು ಕೇಳುತ್ತಾಳೆ ಎಂದು ನಮ್ಮ ಮನೆಯಲ್ಲಿ ಬರೆಯುವುದೆಂದಾಯಿತು. ನಮ್ಮ ಪಶ್ಚಿಮದ ಜಗಲಿಯ ಮೇಲೆ ಯಾರೂ ಕೂರುವುದಿಲ್ಲ, ಅದು ಸತ್ತ ಹಿರಿಯರ ಜಾಗ. ಅಲ್ಲಿ ಕಾಗದ ಹಾಸಿದೆವು. ಗೆರೆ ಎಳೆದವಳು ನಾನು, ಕೆಂಪು ಮಸಿ ಅರೆದವಳೂ ನಾನೇ. ಅವನು ಹೆಸರು ಹೇಳಿಕೊಳ್ಳುತ್ತ ಕುಂಚ ಎಳೆಯುತ್ತಿದ್ದ. ಮೇಲಿನ ಎಂಟು ತಲೆಮಾರು ಬರೀ ಕಪ್ಪು, ಕೈ ನಿಲ್ಲಿಸುವ ಕೆಲಸವೇ ಇರಲಿಲ್ಲ. ಕಟ್ಟುಪಾಡಿನವರ ಕಣ್ಣು ತಪ್ಪಿಸಿ ಹಿತ್ತಿಲಿನಿಂದ ಬಂದು, ಮಧ್ಯಾಹ್ನದ ಬೆಳಕು ಹೋಗುವವರೆಗೆ ಬರೆದು, ಎದ್ದು ಹೋಗುತ್ತಿದ್ದ. ಹೀಗೆ ಹದಿನೈದು ದಿನ.

ಹದಿನಾಲ್ಕನೆಯ ದಿನ ಲಿನ್‌ಶಾನ್ ನಮ್ಮ ಮನೆಗೆ ಬಂದ. ಕೆಮ್ಮಿನಿಂದ ಅವನು ಬರುವುದು ಮೊದಲೇ ಗೊತ್ತಾಯಿತು. ಕಾಗದ ಮುಚ್ಚಲು ಹೋದೆ. "ಬೇಡ, ಬರಲಿ," ಎಂದ ನದಂಜು.

"ಮೇಷ್ಟ್ರಮ್ಮ, ಎರಡು ವಾರದಿಂದ ಇವನು ನನ್ನ ಹಿಂದೆ ಬರ್ತಿಲ್ಲ," ಎಂದ ಲಿನ್‌ಶಾನ್ ಬಾಗಿಲು ಹಿಡಿದುಕೊಂಡು. "ಸತ್ತನೋ ಏನೋ ಅಂತ ನೋಡೋಕೆ ಬಂದೆ." ಆಮೇಲೆ ಪಟ ಕಂಡಿತು. ಹತ್ತಿರ ಬಂದ. "ಇದೇನು?"

ನದಂಜು ಹೇಳಿದ. ನನ್ನೆದುರಿಗೆ ಆಡಿ ನೋಡಿದ್ದ ಮಾತು ಒಂದೂ ಅದರಲ್ಲಿ ಇರಲಿಲ್ಲ. ಮೂರು ವಾಕ್ಯದಲ್ಲಿ ಮುಗಿಯಿತು.

ಲಿನ್‌ಶಾನ್ ಪಟದ ಮೇಲೆ ಬಾಗಿದ. "ಇದರಲ್ಲಿ ನಾನೆಲ್ಲಿ?" ಎಂದು ಕೇಳಿದ.

ನದಂಜು ಬೆರಳು ಇಟ್ಟ. ಆ ಗೆರೆ ಇನ್ನೂ ಖಾಲಿ.

"ನಾಯಿಗೋಸ್ಕರನಾ?"

"ಅಲ್ಲ. ಕಣ್ಣು ಕಾಣಲಿಲ್ಲ."

"ಗೊತ್ತಾದ್ಮೇಲೆ?"

"ಗೊತ್ತಾದ್ಮೇಲೆ ಸುಮ್ಮನಿದ್ದೆ."

"ಹತ್ತು ವರ್ಷ." ಲಿನ್‌ಶಾನ್ ನಗಲು ಹೋದ, ಕೆಮ್ಮು ಬಂತು. ಮುಗಿಯುವವರೆಗೂ ನಾವಿಬ್ಬರೂ ಕಾದೆವು. "ಅಲ್ಲಯ್ಯಾ, ನನಗೆ ಒಂದು ಮಾತು ಹೇಳಿದ್ರೆ ನಾನು ಹೊಳೆಗಾದ್ರೂ ಹೋಗ್ತಿರಲಿಲ್ಲವಲ್ಲ."

ಲಿನ್‌ಶಾನ್ ನದಂಜುವನ್ನು ಕ್ಷಮಿಸಿದ ಎಂದು ನಾನು ಬರೆಯಲಾರೆ. ಅವನು ಟೋಪಿ ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಂತ.

"ಅಣ್ಣಂದು ಮೊದಲು ಬರಿ," ಎಂದ. "ಕಪ್ಪಲ್ಲಿ. ಹೊಸಿಲಲ್ಲೇ ನಿಂತಿದ್ದಾನಂತೆ, ಅತ್ತಿಗೆ ಹೇಳ್ತಾಳೆ."

ನದಂಜು ಅದೇ ಹೊತ್ತಿನಲ್ಲಿ ಲಿನ್‌ಹೈಯನ್ನು ಕಪ್ಪಿನಲ್ಲಿ ಬರೆದ. ಕುಂಚ ಬದಲಿಸಿ, ಪಕ್ಕದ ಗೆರೆಯಲ್ಲಿ ಲಿನ್‌ಶಾನನನ್ನು ಕೆಂಪಿನಲ್ಲಿ. ಬರೆದು ನನ್ನ ಕೈಗೆ ಭೂತಗನ್ನಡಿ ಕೊಟ್ಟ. "ನೋಡು, ಕೆಂಪೇ ತಾನೆ?" ಕೆಂಪೇ ಎಂದೆ. ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಹೇಳಿದೆ. ಬೀದಿಯಲ್ಲಿ ಕೆಮ್ಮು ದೂರವಾಗುತ್ತಿತ್ತು.

ಆ ಪಟ ಈಗ ನನ್ನ ಮನೆಯಲ್ಲಿದೆ. ನಡೆದದ್ದನ್ನೆಲ್ಲ ನಾನು ಹೇಳಿದ ಮೇಲೆ, ಡ್ರ್ಯಾಗನ್ ವರ್ಷಕ್ಕೆ ಕುಲದವರು ಸೇರಿದಾಗ ತೀರ್ಮಾನಿಸೋಣ ಎಂದಿದ್ದಾರೆ ಯಜಮಾನರು. ಲಿನ್‌ಶಾನ್ ಇದ್ದಾನೆ. ಇದನ್ನು ಬರೆಯುವಾಗಲೂ ಅವನ ಕೆಮ್ಮು ಕೇಳಿಸುತ್ತಿದೆ. ನಿಂತಾಗ ನಾನೂ ಬರೆಯುವುದು ನಿಲ್ಲಿಸಿ ಕಿವಿಗೊಡುತ್ತೇನೆ. ಪುಸ್ತಕ ಓದಿದವಳಿಗೂ ಈ ಅಭ್ಯಾಸ ಹತ್ತಿತು.

ಕೊನೆಯ ದಿನ, ಎರಡನೆಯ ತಿಂಗಳ ಎರಡು, ಅವನು ಹೋಗುವ ಹಿಂದಿನ ದಿನ, ಮಕ್ಕಳು ಮೊಮ್ಮಕ್ಕಳೆಲ್ಲ ಕೆಂಪಿನಲ್ಲಿ ಮುಗಿದು ಒಂದು ಗೆರೆ ಮಾತ್ರ ಉಳಿದಿತ್ತು. ಅವನದೇ. ಕೆಂಪು ಬಟ್ಟಲು ಅವನ ಕಡೆ ಸರಿಸಿದೆ. ಅವನು ಕೆಂಪು ಕುಂಚವನ್ನು ನೀರಲ್ಲಿ ತೊಳೆದು ಪಕ್ಕಕ್ಕಿಟ್ಟ. ಕಪ್ಪಿನದನ್ನು ತೆಗೆದುಕೊಂಡ.

"ಏಯ್, ಏನು ಮಾಡ್ತಿದ್ದೀಯ?" ಅವನ ಮಣಿಕಟ್ಟು ಹಿಡಿದುಕೊಂಡೆ. "ಬದುಕಿದ್ದೀಯಲ್ಲೋ ನೀನು! ಮತ್ತೆ ಅದೇ ತಪ್ಪು ಮಾಡ್ತೀಯಾ?"

"ಇದು ತಪ್ಪಲ್ಲ ಇಲ್ಹಾ. ನನ್ನ ಹೆಸರಿನ ಮೇಲೆ ಕಪ್ಪು ತಿದ್ದೋರು ಯಾರಿದ್ದಾರೆ ಹೇಳು? ನೀನು ತಿದ್ತೀಯಾ?"

ನನಗೆ ಆ ಅಕ್ಷರ ಬರುವುದಿಲ್ಲ.

"ಲಿನ್‌ಹೈ ಹಾಗೆ ಹೊಸಿಲಲ್ಲಿ ಟೋಪಿ ಹಿಡ್ಕೊಂಡು ನಿಲ್ಲೋಕೆ ನನ್ನ ಕೈಲಾಗಲ್ಲ. ಮೊಣಕಾಲು ನೋಯ್ತವೆ."

"ಮಿಕ್ಕೋರು? ಈ ಕೆಂಪಗಿರೋರೆಲ್ಲ?"

ಅವನು ಪಟದ ಕೆಳಗಿನ ಸಾಲುಗಳನ್ನು ತನ್ನ ಒಂದು ಕಣ್ಣಿನಿಂದ ನೋಡಿದ. ಅರವತ್ತೆಂಟು ಕೆಂಪು ಹೆಸರು. "ಇವರು ಇನ್ಮೇಲೆ ಯಾರೂ ಸಾಯಲ್ಲ," ಎಂದ. ತಮಾಷೆಗೆ ಹೇಳಿದನೆಂದು ನಾನು ನಕ್ಕೆ. ಅವನು ನಗಲಿಲ್ಲ.

"ಕೈ ಬಿಡು. ಮಸಿ ಒಣಗುತ್ತೆ."

ಬಿಟ್ಟೆ. ಅವನು ಮುಖವನ್ನು ಕಾಗದದ ಹತ್ತಿರ ಒಯ್ದು, ತನ್ನ ಹೆಸರನ್ನು ಮೇಲಿಂದ ಕೆಳಕ್ಕೆ, ನಿಧಾನವಾಗಿ, ಎಲ್ಲೂ ಕೈ ಎತ್ತದೆ ಬರೆದ. ಬಾಲದ ಗೆರೆ ಎಳೆದು ಮುಗಿಸಿ, ಬಾಗಿ ಅದರ ಮೇಲೆ ಊದಿದ. ಬೆರಳಿನಿಂದ ಮುಟ್ಟಿ ನೋಡಿದ, ಇನ್ನೂ ಹಸಿಯಿತ್ತು. ಮತ್ತೆ ಊದಿದ.